ಕೂಡ್ಲೂರಿನ ಬಿಳಿ ಕೋಣೆ

ಮೊದಲು ಇದು ಕಾಫಿ ಕ್ಯೂರಿಂಗ್ ಶೆಡ್ಡು.
ಗೋಡೆಗೆ ಮೂರು ಸಲ ಬಣ್ಣ ಬಳಿದರೂ
ಬಿಸಿಲೇರಿದ ಮಧ್ಯಾಹ್ನ ಹೊಟ್ಟಿನ ವಾಸನೆ ಬರುತ್ತದೆ.
ಧೂಳೆಣಿಸುವ ಯಂತ್ರಕ್ಕೆ ವಾಸನೆ ತಿಳಿಯದು,
ಅದರ ಹಸಿರು ದೀಪ ಹಾಗೇ ಉರಿಯುತ್ತಿರುತ್ತದೆ.

ನಾನಿಲ್ಲಿ ತಂತಿ ಹೊಲಿಯುವವಳು.
ಕೂದಲಿನ ಮೂರರಲ್ಲೊಂದು ದಪ್ಪದ ಅಲ್ಯುಮಿನಿಯಂ ಎಳೆ.
ಸೂಜಿ ಸಣ್ಣಗೆ ನಡುಗುತ್ತದೆ:
ಸಿಲಿಕಾನಿನ ಮೇಲೆ ಒಂದು ಕಾಲು,
ಚಿಪ್‌ನ ಮೇಲೆ ಇನ್ನೊಂದು.
ಹೀಗೆ ದಿನಕ್ಕೆ ನಾಲ್ಕು ಸಾವಿರ ಸೇತುವೆ,
ಇರುವೆಯೂ ದಾಟದವು.

ಎಲ್ಲಿಗೆ ಹೋಗುತ್ತದಮ್ಮ ಇದೆಲ್ಲ? ಬಸ್ಸಿನಲ್ಲಿ ಕೇಳುತ್ತಾರೆ.
ದೂರದೇಶದ ಸುರಂಗಕ್ಕೆ, ಎನ್ನುತ್ತೇನೆ.
ಅಲ್ಲಿ ಕಣಕ್ಕೆ ಕಣ ಡಿಕ್ಕಿ, ಸೆಕೆಂಡಿಗೆ ಕೋಟಿಗಟ್ಟಲೆ.
ಸಿಡಿದವು ಹೋದ ಜಾಡು ಹಿಡಿಯಲು
ಸುತ್ತ ಸಿಲಿಕಾನಿನ ಪದರಗಳಿವೆ.
ಹತ್ತು ವರ್ಷ ಏಟು ತಿಂದು ಹಳೆಯವು
ಕಾಯಿಕೊರಕ ಹೊಕ್ಕ ಕಾಳಿನಂತಾಗಿವೆ,
ಹೊರಗೆ ನುಣುಪು, ಒಳಗೆ ತೂತು.
ಇನ್ನು ಮುಂದೆ ಡಿಕ್ಕಿ ಹಲವು ಪಟ್ಟು ಜಾಸ್ತಿ;
ಯಾವ ಗೆರೆ ಯಾವ ಡಿಕ್ಕಿಯದೆಂದು ಬಿಡಿಸಲು
ಇನ್ನೂ ಸಣ್ಣ ಕಣ್ಣು ಬೇಕು, ಹಾಗಾಗಿ…
ಕೇಳಿದವರು ಅಷ್ಟರಲ್ಲಿ
ಗುಡ್ಡೆಹೊಸೂರಿನಲ್ಲಿ ಇಳಿದಿರುತ್ತಾರೆ.

ಉಮ್ಮ ಇದೇ ಶೆಡ್ಡಿನಲ್ಲಿ
ಇಪ್ಪತ್ತೆರಡು ಸೀಸನ್ ಕಾಳು ಹೆಕ್ಕಿದವಳು.
ಕಪ್ಪು ಬೇರೆ, ಒಡಕು ಬೇರೆ, ಪೀಬರಿ ಬೇರೆ;
ಎಡಗೈ ಹರಡುತ್ತ, ಬಲಗೈ ಹೆಕ್ಕುತ್ತ,
ಬಾಯಿ ಪಕ್ಕದವಳೊಡನೆ ಜಗಳವಾಡುತ್ತ.
ತೂಕಕ್ಕೆ ಕೂಲಿ.
ಹೆಕ್ಕಿ ಬಿಸಾಡಿದ್ದಕ್ಕೂ ಒಬ್ಬ ಗಿರಾಕಿಯಿದ್ದ,
ಮೆಟ್ಟುಪಾಳ್ಯಂ ಕಡೆಯವನು.

ಫೆಬ್ರವರಿಯಲ್ಲಿ ಬಿರುಕು ಶುರುವಾಯಿತು.
ಮೇಜಿನ ಮೇಲಿದ್ದಾಗ ಎಲ್ಲ ಸರಿ.
ತಂಪುಪೆಟ್ಟಿಗೆಯಲ್ಲಿ ಮೈನಸ್ ಮೂವತ್ತೈದಕ್ಕೆ ಇಳಿಸಿದರೆ
ಹತ್ತರಲ್ಲೊಂದರ ಗ್ರಾಫು ದಿಢೀರನೆ ನೆಟ್ಟಗೆ ನಿಲ್ಲುತ್ತದೆ.
ಸದ್ದೇ ಇಲ್ಲ.
ಹೊರಗೆ ತೆಗೆದು ನೋಡಿದರೆ
ಅಂಟಿನಂಚಿಗೆ ಒಂದು ಗೆರೆ.
ತೀರ್ಥರಾಮ್ ಸರ್ ನನ್ನ ಸೂಜಿಯನ್ನು ಶಂಕಿಸಿದರು,
ನಾನು ಅಂಟನ್ನು,
ಅಂಟು ಹಾಕುವ ಬಿದ್ದಪ್ಪ ಪೆಟ್ಟಿಗೆಯನ್ನು.
ಮೂವರೂ ಬೇರೆ ಬೇರೆ ಮೇಜಿನಲ್ಲಿ ಊಟ ಮಾಡಿದೆವು.
ಹದಿನೇಳು ಮಾಡ್ಯೂಲು ಕೆಳಗಿನ ಡ್ರಾಯರಿಗೆ ಹೋದವು.
ಅವಕ್ಕೆ ಗಿರಾಕಿಯಿಲ್ಲ.

ಆ ದಿನಗಳಲ್ಲೇ ಮನೆಯವರನ್ನು ಕರೆಸಿದ್ದರು, ಕೋಣೆ ನೋಡಲು.
ಉಮ್ಮ ಗಾಜಿಗೆ ಮೂಗೊತ್ತಿ ನಿಂತಳು.
ನಾನು ಕೂರುತ್ತಿದ್ದದ್ದು ಅಲ್ಲಿ, ಎಂದಳು,
ತಂಪುಪೆಟ್ಟಿಗೆ ತೋರಿಸಿ.
ನೆತ್ತಿ ಸುಡುತ್ತಿತ್ತು ತಗಡಿನ ಕಾವಿಗೆ.
ಆಮೇಲೆ ನನ್ನ ಕೈ ಹಿಡಿದು, ಬೆರಳು ತಿರುಗಿಸಿ,
ಕೂಲಿ ತೂಕಕ್ಕೋ ದಿನಕ್ಕೋ? ಕೇಳಿದಳು.
ದಿನಕ್ಕೆ, ಎಂದೆ.
ಮತ್ತೆ ಯಾಕೆ ಅವಸರ ಮಾಡುತ್ತೀ.

ಮೇ ತಿಂಗಳಲ್ಲಿ ತಿಳಿಯಿತು, ತಪ್ಪು ಯಾರದೂ ಅಲ್ಲವಂತೆ.
ಚಳಿಗೆ ತಾಮ್ರ ಜಾಸ್ತಿ ಮುದುಡುತ್ತದೆ,
ಸಿಲಿಕಾನು ಅಷ್ಟು ಮುದುಡದು.
ನಡುವಿನ ಅಂಟು ಎರಡನ್ನೂ ಬಿಗಿಯಾಗಿ ಹಿಡಿದು
ಸೀಳಿಹಾಕಿತು.
ಮದ್ದು ಇಷ್ಟೆ: ನಡುವೆ ಒಂದು ಮೆತ್ತನೆಯ ಪದರ,
ಅತ್ತ ಎಳೆದರೆ ಅತ್ತ, ಇತ್ತ ಎಳೆದರೆ ಇತ್ತ.
ಬಿದ್ದಪ್ಪ ಅವತ್ತು ಮೂವರಿಗೂ ಕಡುಬು ತಂದ.
ಪಂದಿ ಸಾರು ಬೇರೆ ಡಬ್ಬಿಯಲ್ಲಿತ್ತು,
ನನಗೆಂದೇ ಒಂದು ಪಾಲು ಜೇನುತುಪ್ಪ.

ನಿನ್ನೆ ರಾತ್ರಿಪಾಳಿಯಲ್ಲಿ
ಹೊಸ ಮಾಡ್ಯೂಲು ಹತ್ತು ಸಲ ಹೆಪ್ಪುಗಟ್ಟಿ ಹತ್ತು ಸಲ ಕರಗಿ ಬಂತು.
ನಾಲ್ಕನ್ನು ಒಂದರ ಮೇಲೊಂದು ಇಟ್ಟು ಕಾದೆ.
ಆಕಾಶದಿಂದ ಯಾವುದೋ ಕಣವೊಂದು
ಶೆಡ್ಡಿನ ತಗಡು ತೂರಿ ಬಂದಿರಬೇಕು.
ಪರದೆಯ ಮೇಲೆ ನಾಲ್ಕು ಚುಕ್ಕಿ, ಒಂದೇ ಗೆರೆಯಲ್ಲಿ.
ಅಂಥವು ನನ್ನನ್ನೂ ತೂರಿ ಹೋಗುತ್ತವೆ,
ನನ್ನೊಳಗೆ ಎಣಿಸುವವರಿಲ್ಲ.

ದಾಖಲೆ ಪುಸ್ತಕದ ಷರಾ ಕಾಲಮ್ಮಿನಲ್ಲಿ
ಬಿರುಕಿಲ್ಲ ಎಂದು ಬರೆದೆ.
ಕೈ ತೊಳೆದು ಬಂದು
ಅದರ ಹಿಂದೆ, ಇದ್ದ ಇಷ್ಟಗಲ ಜಾಗದಲ್ಲಿ,
ಸದ್ಯಕ್ಕೆ ಎಂದು ಸೇರಿಸಿದೆ.