ಬರಿ ಉಪ್ಪುನೀರು

ಮುಹರ್ರಕ್‌ನ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಕಿಟಕಿಯಿಲ್ಲದ ಕೋಣೆ ನನ್ನದು.
ಬಾಗಿಲಿಗೆ ಎರಡು ಬೀಗ, ಫ್ರಿಜ್ಜಿಗೆ ಒಂದು.
ಒಳಗೆ ಸೀಸೆಗಳು, ಒಂದೇ ಬಸಿರಿನವು ಅನ್ನುವ ಹಾಗೆ.
ಅರ್ಧದಲ್ಲಿ ಮದ್ದು,
ರಕ್ತ ತಲುಪದ ಹೊತ್ತಿನಲ್ಲೂ
ಮಿದುಳನ್ನು ಸಾಯಗೊಡದೆ ಹಿಡಿದೀತೆಂದು
ಇಲಿಗಳಲ್ಲಿ ಹಿಡಿದು ತೋರಿಸಿದ ಮದ್ದು.
ಇನ್ನರ್ಧದಲ್ಲಿ ಬರಿ ಉಪ್ಪುನೀರು.

ಯಾವುದರಲ್ಲಿ ಯಾವುದೆಂದು
ಡಾಕ್ಟರರಿಗೆ ಗೊತ್ತಿಲ್ಲ, ಚುಚ್ಚುವ ನರ್ಸಿಗೆ ಗೊತ್ತಿಲ್ಲ.
ಮಲಗಿದವನಿಗಂತೂ
ತನ್ನ ಬಲಗೈ ಎಲ್ಲಿದೆಯೆಂದೇ ಗೊತ್ತಿಲ್ಲ.
ಪಟ್ಟಿ ಇರುವುದು ನನ್ನ ಬಳಿ.
ಅದಕ್ಕೇ ನಾನು ಮೇಲಿನ ವಾರ್ಡಿಗೆ ಹೋಗಕೂಡದು,
ಕ್ಯಾಂಟೀನಿನಲ್ಲೂ ಒಬ್ಬಳೇ.
ಮುಖವೂ ಮಾತಾಡುತ್ತದಲ್ಲ.

ಜುಲೈಯಲ್ಲಿ ಬಂತು ಸಂಖ್ಯೆ ನಲವತ್ತೊಂದು.
ಬಿಸಿಲ ವಿರಾಮದಲ್ಲಿ, ನೆರಳಿಗೆ ಕೂತು
ಮಜ್ಜಿಗೆಯ ಲೋಟ ಎತ್ತುವಾಗ ಜಾರಿತಂತೆ ಕೈ.
ಇಷ್ಟೂ ನನಗೆ ತಿಳಿಯಬಾರದಿತ್ತು.
ದಾರಿ ತಪ್ಪಿ ಕೆಳಗಿಳಿದವನೊಬ್ಬ
ಫೋನಿನಲ್ಲಿ ನನ್ನ ಕನ್ನಡ ಕೇಳಿ ನಿಂತುಬಿಟ್ಟ.
"ಅಕ್ಕಾ, ನಮ್ಮ ಬಂದೇನವಾಜ್ ರೀ,
ಶಾಹಾಬಾದದಾಂವ, ಫರಸಿ ಹಾಸಾಂವ.
ಹೇಂತಿ ಫೋನಿನ್ಯಾಗ ಹೂಂ ಅಂದಳು,
ಸಹಿ ನಾ ಮಾಡೀನಿ.
ಅವಗ ಕೊಟ್ಟದ್ದು ಖರೇ ಔಷಧ ಏನ್ರೀ?"

ನಲವತ್ತು ನಿಮಿಷದ ಹಿಂದೆ
ನಾನೇ ಎಳೆದು ತುಂಬಿದ್ದೆ ಸಿರಿಂಜಿಗೆ.
ಹೇಳಲಿಕ್ಕೆ ಬರೋದಿಲ್ಲ, ಅಂದೆ.
ಅಂವ ತಲೆಯಾಡಿಸಿದ:
"ಅವಗೂ ಅದೇ ಆಗೇದ್ರೀ,
ಹೇಳಲಿಕ್ಕೆ ಬರೋದಿಲ್ಲ."

ಕಾವಲಿನ ಮುದುಕ ಮುಬಾರಕ್‌ನ ಅಜ್ಜ
ಮುತ್ತಿಗಾಗಿ ಮುಳುಗುತ್ತಿದ್ದವನು,
ಮೂಗಿಗೆ ಚಿಮಟ, ಕಾಲಿಗೆ ಕಲ್ಲು.
ದೋಣಿಯ ಮೇಲೆ ಹಗ್ಗ ಹಿಡಿದವನೊಬ್ಬ,
ಕೆಳಗಿನದೇನೂ ಕಾಣದವನು,
ಜಗ್ಗಿದಾಗ ಎಳೆಯಬೇಕು, ಅಷ್ಟೇ.
"ಒಮ್ಮೆ ಜಗ್ಗಲೇ ಇಲ್ಲ" ಅನ್ನುತ್ತಾನೆ ಮುಬಾರಕ್,
ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಾ.

ನಲವತ್ತೆರಡಕ್ಕೆ ಹೋಗಿತ್ತು ಮದ್ದು.
ನಾಲ್ಕು ಡೋಸಿನಲ್ಲಿ ಮೂರು
ಮುಟ್ಟದೆ, ತಣ್ಣಗೆ, ವಾಪಸು ಬಂದವು.
ಕಾರಣ ಯಾರೂ ಬರೆಯಲಿಲ್ಲ, ಬರೆಯಬೇಕಿರಲಿಲ್ಲ.
ಎಣಿಸಿ, ಸಹಿ ಹಾಕಿ,
ಹಳದಿ ಡಬ್ಬಿಗೆ ಹಾಕಿದೆ.

ಒಬ್ಬರಿಂದ ಏನೂ ಸಾಬೀತಾಗದು.
ಇಬ್ಬರಿಂದಲೂ ಇಲ್ಲ.
ನಾನೂರು ಮಂದಿ ಬೇಕು, ಎರಡು ವರ್ಷ ಬೇಕು.
ಆಮೇಲೆ ಎಲ್ಲೋ ಒಂದು ಊರಲ್ಲಿ ಲೆಕ್ಕ ತೆರೆದು
ಹೌದೋ ಅಲ್ಲವೋ ಅನ್ನುತ್ತಾರೆ.
ಇದನ್ನು ನಾನು ನಂಬುತ್ತೇನೆ.
ರಾತ್ರಿ ಮಾತ್ರ
ನೀರಿನ ಲೋಟ ಕೈಯಲ್ಲಿ ಹಿಡಿದು
ಸುಮ್ಮನೆ ಕೂತಿರುತ್ತೇನೆ ಒಮ್ಮೊಮ್ಮೆ.

ಅಕ್ಟೋಬರಿನಲ್ಲಿ ಅಂವ ಮತ್ತೆ ಬಂದ,
ಈ ಸಲ ದಾರಿ ತಪ್ಪದೆ.
"ಗ್ವಾಡಿ ಹಿಡದು ಅಡ್ಡಾಡ್ಲಿಕತ್ತಾನ್ರೀ!
ಫರಸಿ ಎಣಸ್ತಾನ, ಹದಿಮೂರಕ್ಕ ತಪ್ಪತಾನ,
ಮತ್ತ ಒಂದರಿಂದ ಸುರು.
ನಿಮ್ಮ ಔಷಧ ಖರೇ ಇತ್ರೀ ಅಕ್ಕಾ."
ಕೇಸರಿ ಹಲ್ವದ ಡಬ್ಬಿ ಮುಂದೆ ಹಿಡಿದ.

ತೆಗೆದುಕೊಂಡೆ.
ಅವನೆದುರೇ ಒಂದು ಚೂರು ತಿಂದೆ.
ಅಂಟಿದ ಬೆರಳು ಎರಡು ಸಲ ತೊಳೆದು,
ಬೀಗ ತೆಗೆದು,
ಅರವತ್ತೇಳರ ಸೀಸೆ ಎತ್ತಿಕೊಂಡೆ.