ಇಪ್ಪತ್ತೆರಡು ಸೆಂಟಿಮೀಟರ್

ಹೀಯುಮಾ ದ್ವೀಪಕ್ಕೆ ಚಳಿಗಾಲದಲ್ಲಿ ಕಡಲ ಮೇಲೇ ರಸ್ತೆ.
ಪ್ರತಿ ವರ್ಷವೂ ಅಲ್ಲ,
ಕಡಲು ಒಪ್ಪಿದ ವರ್ಷ.

ಬೆಳಿಗ್ಗೆ ಏಳಕ್ಕೆ, ಕತ್ತಲಿರುವಾಗಲೇ,
ನನ್ನ ಗಂಡ ಆರ್ವೆಡ್ ಬೈರಿಗೆ ಹೊತ್ತು ಹೊರಡುತ್ತಾನೆ.
ಇಷ್ಟು ದೂರಕ್ಕೊಂದು ತೂತು ಕೊರೆದು,
ಕೊಕ್ಕೆಕೋಲು ಇಳಿಸಿ ಗಡ್ಡೆಯ ತಳ ತಡವಿ
ಹದಿನೇಳು ಎಂದು ಬರೆದುಕೊಳ್ಳುತ್ತಾನೆ.
ಮಾರನೆಯ ದಿನ, ಹದಿನೇಳೂವರೆ.
ಇಪ್ಪತ್ತೆರಡಾಗದೆ ಕಾರಿಗೆ ಹಾದಿಯಿಲ್ಲ.
ಮೀನಂಗಡಿಯವನು ಬೈದರೂ ಇಲ್ಲ,
ಬಿಸಿಲು ಬಿದ್ದು ಇಡೀ ಕೊಲ್ಲಿ ಕನ್ನಡಿಯಾಗಿ ಕರೆದರೂ ಇಲ್ಲ.

ಅಡುಗೆಮನೆಯ ಮೇಜಿನ ಈ ತುದಿಯಲ್ಲಿ
ನಾನೂ ಒಂದು ಹೆಪ್ಪಿನ ಕಾವಲಿಗೆ ಕೂತವಳು.
ನಮ್ಮ ಲಿನಕ್ಸಿನ ಮುಂದಿನ ಆವೃತ್ತಿಗೆ ಮೂರು ವಾರ.
ಆಮೇಲೆ ಹೊಸದು ಒಳಬರುವಂತಿಲ್ಲ,
ಒಳಗಿದ್ದದ್ದು ಅಲುಗುವಂತಿಲ್ಲ,
ಐದು ವರ್ಷ ಜನ ಅದರ ಮೇಲೆ ನಡೆಯಬೇಕು
ಕೆಳಗೆ ನೀರಿದೆಯೆಂದು ನೆನೆಯದೆ.
ಹಾಲಿಗೆ ಹೆಪ್ಪು ಹಾಕಿ
ಮುಚ್ಚಳ ತೆಗೆತೆಗೆದು ನೋಡಬೇಡ,
ಅನ್ನುತ್ತಿದ್ದಳು ಅತ್ತೆ. ನಾನು ನೋಡುತ್ತೇನೆ.

ಹೊಸ ಡೆಸ್ಕ್‌ಟಾಪ್ ಈ ಸಲವೇ ಬೇಕೆಂದು ಕೌರ್‌ನ ಹಟ.
ಟಾರ್ಟುವಿನ ಹುಡುಗ, ಅವನ ಮಾತಿಗೆ ಅಲ್ಪವಿರಾಮವಿಲ್ಲ.
ಚೆಂದವಿದೆ, ಒಪ್ಪಿದೆ. ಕಿಟಕಿಗಳು
ಇಳಿಜಾರಿನಲ್ಲಿ ಬಿಟ್ಟ ಜಾರುಬಂಡಿಯ ಹಾಗೆ ಸರಿಯುತ್ತವೆ.
ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕು ತಿಂಗಳಿಂದ ಅದೇ ಇದೆ,
ಒಂದೇ ಸಲ ಕೈಕೊಟ್ಟಿದ್ದು. ಸರಿ, ಎರಡು ಸಲ.
ಎರಡನೆಯದನ್ನು ಅವನಿಗೆ ಹೇಳಿಲ್ಲ.

ಆದರೆ ಕಾರ್ಡ್ಲಾ ಗ್ರಂಥಾಲಯದ ಮೂರನೇ ಮೇಜಿಗೆ
ಮಂಗಳವಾರ ಮೈಮು ಬರುತ್ತಾಳೆ,
ಉಣ್ಣೆಗೆ ಬೇಡಿಕೆ ಕಳಿಸಲು, ದೋಣಿಯ ವೇಳೆ ನೋಡಲು.
ಮೆನು ಎಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲ,
ಅವಳ ಬಲಗೈಗೆ ಗೊತ್ತು: ಕೆಳಗೆ, ಎಡ ಮೂಲೆ.
ಕೈ ಕಲಿತದ್ದನ್ನು ಮರೆಸಲು
ನನಗೆ ಯಾರು ಅಪ್ಪಣೆ ಕೊಟ್ಟರು?
ಮತ್ತೆ ಹೆನ್ನ್, ಪಿಯಾನೋ ಶ್ರುತಿ ಮಾಡುವವನು, ಕಣ್ಣಿಲ್ಲ.
ಹಳೆಯ ಪರದೆ ಅವನಿಗೆ ಓದಿ ಹೇಳುತ್ತದೆ.
ಹೊಸದು, ಹೊಸ್ತಿಲಲ್ಲೇ, ಗುಪ್ತಪದ ಕೇಳುವ ಜಾಗದಲ್ಲೇ
ಮೂಕ.
ಹದಿನೇಳು, ಎಂದು ಬರೆದುಕೊಂಡೆ.

ಹಾಗಾದರೆ ಹಳೆಯದೇ ಇರಲಿ ಅನ್ನೋಣವೆಂದರೆ
ಹೋದ ಮಾರ್ಚಿನಲ್ಲಿ ಆರ್ವೆಡ್
ಬಕೆಟ್ಟಿನಲ್ಲಿ ತಂದ ಗಡ್ಡೆ ನೆನಪಾಗುತ್ತದೆ.
ನಲವತ್ತು ಸೆಂಟಿಮೀಟರ್ ದಪ್ಪ. ಬೂಟಿನ ತುದಿ ತಾಗಿಸಿದ,
ಕಡ್ಡಿ ಕಡ್ಡಿಯಾಗಿ ಉದುರಿತು, ಗಾಜಿನ ಬಳೆಯ ಸದ್ದು.
"ದಪ್ಪ ನೋಡಿ ನಂಬಬಾರದು.
ಹಳೆಯ ಗಡ್ಡೆ ಒಳಗಿನಿಂದ ಹೋಗುತ್ತದೆ."
ನವೆಂಬರಿನಲ್ಲಿ ಹಳೆಯ ಡೆಸ್ಕ್‌ಟಾಪಿನ ಕೊನೆಯ ಪಾಲಕ
ಎರಡು ಸಾಲು ಬರೆದಿದ್ದ:
ಇನ್ನು ಮೇಲೆ ಜೇನು ಸಾಕುತ್ತೇನೆ. ವಂದನೆ.
ನಾಳೆ ತೂತು ಬಿದ್ದರೆ ಮುಚ್ಚುವವರಿಲ್ಲ.

ಅಳೆದೂ ಸುರಿದೂ ಇಷ್ಟು ಮಾಡಿದೆ:
ಈ ಆವೃತ್ತಿಗೆ ಹಳೆಯದೇ ಹೆದ್ದಾರಿ.
ಹೊಸದು ಪಕ್ಕದಲ್ಲಿರಲಿ, ಬೇಕಾದವರು ಆರಿಸಿಕೊಳ್ಳಲಿ,
ಹಿಂತಿರುಗುವ ಬಾಗಿಲಿಗೆ ಚಿಲಕ ಬೇಡ.
ಕಡಲ ರಸ್ತೆಯಲ್ಲಿ ಸೀಟುಬೆಲ್ಟ್ ಕಟ್ಟಬಾರದು, ಅದೇ ಕಾನೂನು,
ಗಡ್ಡೆ ಬಿರಿದರೆ ಥಟ್ಟನೆ ಹೊರಗೆ ಹಾರಬೇಕಲ್ಲ.
ಜೇನಿನವನ ತೂತುಗಳು?
ಎರಡು ವರ್ಷ ನಾನೇ ಮುಚ್ಚುತ್ತೇನೆ ಎಂದೆ.
ಎಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಕೌರ್ ಮೂರು ದಿನ ಮಾತು ಬಿಟ್ಟ.
ನಾಲ್ಕನೆಯ ದಿನ ದೋಣಿ ಹತ್ತಿ ಬಂದ,
ಬಂದವನು ನಮ್ಮ ಮನೆಗಲ್ಲ, ಹೆನ್ನ್ ಮನೆಗೆ.
ಮಾನಿಟರಿನ ತಂತಿ ಕಿತ್ತಿಟ್ಟು
ಪಿಯಾನೋ ಸ್ಟೂಲಿನ ಮೇಲೆ ಕೂತನಂತೆ, ಕತ್ತಲಲ್ಲಿ,
ಒಂದು ವಾರ.

ನಿನ್ನೆ ಸಂಜೆ ಫೋನು. ಉಸಿರು ಮೊದಲು, ಮಾತು ಆಮೇಲೆ.
"ಒಂದು ಪದ ಹೇಳಿತು."
ಯಾವ ಪದ?
"ಗುಪ್ತಪದ."
ಹಿಂದೆ ಹೆನ್ನ್ ಯಾವುದೋ ತಂತಿ ಮೀಟುತ್ತಿದ್ದ,
ಇನ್ನೂ ಸ್ವಲ್ಪ ಕೆಳಗೆ.

ಆರ್ವೆಡ್ ಬೂಟು ಕಳಚುತ್ತಾ ಕೇಳಿದ, ಎಷ್ಟಾಯಿತು?
ಹದಿನೆಂಟು, ಅಂದೆ.