ಯಾವ ಸೂಜಿ?

ಬಿಷ್ಕೆಕ್ಕಿನ ನೆಲಮಾಳಿಗೆ. ಕಿಟಕಿಯಲ್ಲಿ ಕಾಣುವುದು
ಹಾದು ಹೋಗುವವರ ಬೂಟು, ಕೊಳೆ ಮೆತ್ತಿದ ಹಿಮ.
ಒಳಗೆ ಹನ್ನೊಂದು ಮಷೀನು, ಹನ್ನೊಂದು ಹೆಂಗಸರು,
ಎಲ್ಲರಿಗೂ ಒಂದೇ ಕೆಟಲು.
ಬುರುಲ್ ಅಕ್ಕನ ಮಡಿಲಲ್ಲಿ ಹಲ್ವದ ಹಳೇ ಡಬ್ಬಿ,
ಅದರ ತುಂಬ ಸೂಜಿ. ಜೋಡಿಸಿಟ್ಟದ್ದು
ನಂಬರಿನ ಪ್ರಕಾರವಲ್ಲ, ಅವಳಿಗಷ್ಟೇ ಗೊತ್ತಿರುವ ಪ್ರಕಾರ.

ಸೇರಿದ ದಿನವೇ ನಾನು ಶಿಫಾನಿಗೆ
ತೊಂಬತ್ತರ ಸೂಜಿ ಹಾಕಿದೆ.
ಬಟ್ಟೆ ಮುದುಡಿತು. ಹೊಲಿಗೆಯುದ್ದಕ್ಕೂ ಜರಡಿ.
ಅಕ್ಕ ಬೈಯಲಿಲ್ಲ. ನನ್ನ ಬೆರಳು ಹಿಡಿದು
ಬಟ್ಟೆಯ ಮೇಲೆ ಮೆಲ್ಲಗೆ ಎಳೆದು ಕೇಳಿದಳು:
"ನೋಯುತ್ತದೋ ಇಲ್ಲವೋ ಇದಕ್ಕೆ?"
ಅಂದಿನಿಂದ ಶಿಫಾನಿಗೆ ಅರವತ್ತು,
ದಾರ ಕೂದಲೆಳೆಯದು.

ಜೀನ್ಸಿಗೆ ನೂರು. ನಾಲ್ಕು ಮಡಿಕೆ ಸೇರುವಲ್ಲಿ
ಮೋಟಾರನ್ನು ನಂಬಬೇಡ, ಚಕ್ರ ಕೈಯಲ್ಲೇ ತಿರುಗಿಸು,
ದಿಬ್ಬ ಹತ್ತುವ ಕತ್ತೆಯ ಹಾಗೆ, ಒಂದೊಂದೇ ಹೆಜ್ಜೆ.
ಬನಿಯನ್ ಬಟ್ಟೆಗೆ ಮೊಂಡುಮೊನೆಯದು:
ಅದು ಎಳೆಯನ್ನು ಚುಚ್ಚುವುದಿಲ್ಲ,
"ಸ್ವಲ್ಪ ಸರಿಯಮ್ಮಾ" ಎಂದು
ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ,
ಬೆಳಗಿನ ಮಿನಿಬಸ್ಸಿನಲ್ಲಿ ನಾವು ಹೋಗುವ ಹಾಗೆ.

ದಾರವನ್ನು ಅಕ್ಕ ಹಲ್ಲಿನಲ್ಲಿ ಕಚ್ಚಿ ನೋಡುವಳು.
ಅಗ್ಗದ್ದಾದರೆ, ಥೂ!
"ಮಾಸ್ಕೋದಲ್ಲಿ ಯಾವಳದೋ ಕಂಕುಳು ಬಿಚ್ಚಿಕೊಂಡರೆ
ನಿನ್ನ ಹೆಸರು ಅವಳಿಗೆ ಗೊತ್ತಿಲ್ಲ, ಸರಿ.
ನಿನಗೆ ಗೊತ್ತಲ್ಲ!"

ಸೂಜಿ ಮುರಿದರೆ ಚೂರೆಲ್ಲ ಸಿಗುವ ತನಕ
ಯಾರೂ ಮನೆಗೆ ಹೋಗುವಂತಿಲ್ಲ.
ಆಯಸ್ಕಾಂತ ಹಿಡಿದು ಮೊಣಕಾಲೂರಿ ಹುಡುಕಿದ್ದೇವೆ.
ಜೈನೆಪಳ ಚೂರು ಸಿಕ್ಕಾಗ ರಾತ್ರಿ ಒಂಬತ್ತು,
ಅದೂ ಅವಳದೇ ಸ್ವೆಟರಿನ ತೋಳಲ್ಲಿ.
ಎಷ್ಟು ನಕ್ಕೆವೆಂದರೆ ಕೊನೆಯ ಬಸ್ಸೂ ತಪ್ಪಿತು.

ಮಾರ್ಚಿನಲ್ಲಿ ಅಕ್ಕನ ತಾಯಿ ತೀರಿಕೊಂಡರು.
ಬಿಳಿಯ ಬಟ್ಟೆ ತಂದು ಮೇಜಿನ ಮೇಲೆ ಹಾಸಿದಳು.
ನಾನು ಎಂಬತ್ತರ ಹೊಸ ಸೂಜಿ ಏರಿಸಿ,
ಹತ್ತಿಯ ಬಿಳಿ ದಾರ ಪೋಣಿಸಿ,
ಮೊದಲ ಸಲ ಯಾರನ್ನೂ ಕೇಳದೆ
ಸರಿಯಾದದ್ದನ್ನೇ ಆರಿಸಿ ಕಾದು ಕೂತೆ.
ಅಕ್ಕ ನೋಡಿದಳು. ಪ್ಲಗ್ ಕಿತ್ತಳು.
ಆ ಬಟ್ಟೆಯ ಅಂಚಿನಿಂದಲೇ ಒಂದೆಳೆ ಬಿಡಿಸಿ
ಕೈಸೂಜಿಗೆ ಪೋಣಿಸಿದಳು. ಗಂಟು ಹಾಕಲಿಲ್ಲ.
"ಇದಕ್ಕೆ ಹೊರಗಿನ ದಾರ ಬೇಡ" ಎಂದಳು.
ಮಷೀನುಗಳು ಸುಮ್ಮನಿದ್ದವು. ಮೇಲೆ ಬೂಟುಗಳು ಓಡಾಡಿದವು.

ಸೋಮವಾರ ವೆಲ್ವೆಟ್ ಬಂತು, ಇನ್ನೂರು ತುಂಡು,
ಗುರುವಾರದೊಳಗೆ ಮುಗಿಯಬೇಕು.
"ಯಾವ ಸೂಜಿ?" ಎಂದಳು ಅಕ್ಕ, ನನ್ನ ಕಡೆ ನೋಡದೆ,
ಡಬ್ಬಿಯನ್ನು ಇತ್ತ ತಳ್ಳಿ.
ನಾನು ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡೆ.